ಎರಡು ದಿನದ ತಾಯ್ ಚಿ ಶಿಬಿರಕ್ಕೆ ಹೋಗುತ್ತಿದ್ದೇನೆ, ಅನುಭವ ಇರುವವರು ಹೇಳಿ

ಜಯನಗರದಿಂದ ಪ್ರಶ್ನೆ

ಮುಂದಿನ ತಿಂಗಳು ನಮ್ಮ ಮನೆ ಹತ್ತಿರ ಎರಡು ದಿನದ ತಾಯ್ ಚಿ (ಚೀನಾದ ನಿಧಾನ ಚಲನೆಯ ವ್ಯಾಯಾಮ) ಶಿಬಿರ ಇದೆ. ಹೇಳಿಕೊಡುವವರು ತುಂಬಾ ವರ್ಷ ಕಲಿತವರು, ವರ್ಷಕ್ಕೆ ಒಂದೇ ಸಲ ಬೆಂಗಳೂರಿಗೆ ಬರುತ್ತಾರಂತೆ. ನನಗೆ 53. ಮೆಟ್ಟಿಲು ಇಳಿಯುವಾಗ ಎಡ ಮಂಡಿ ನೋಯುತ್ತದೆ. ಯೋಗ ಸ್ವಲ್ಪ ಗೊತ್ತು, ತಾಯ್ ಚಿ ಏನೂ ಗೊತ್ತಿಲ್ಲ. ಎರಡು ದಿನದಲ್ಲಿ ಏನಾದರೂ ಕೈಗೆ ಹತ್ತುತ್ತದಾ? ಮೊದಲೇ ವಿಡಿಯೋ ನೋಡಿ ಕಲಿತುಕೊಂಡು ಹೋಗಲಾ? ನಮ್ಮ ಅತ್ತೆಯವರಿಗೆ 76, ಅವರನ್ನೂ ಕರೆದುಕೊಂಡು ಹೋಗಬಹುದಾ?

ಬಸವನಗುಡಿಯಿಂದ

ಖಂಡಿತ ಹೋಗಿ ಮೇಡಂ. ವಿಡಿಯೋ ಬಗ್ಗೆ ಕೇಳಿದಿರಲ್ಲ, ಅದಕ್ಕೆ ನನ್ನ ಕತೆಯನ್ನೇ ಹೇಳುತ್ತೇನೆ.

ನಾನು ಮೊದಲು ಒಂದು ವರ್ಷ ವಿಡಿಯೋ ನೋಡಿಯೇ 24 ಭಂಗಿಗಳ ಸರಣಿ ಕಲಿತಿದ್ದೆ. 1956ರಲ್ಲಿ ಚೀನಾದ ಕ್ರೀಡಾ ಆಯೋಗ ತಾಯ್ ಚಿಯ ಯಾಂಗ್ ಎಂಬ ಶೈಲಿಯಿಂದ ಆಯ್ದು ಚಿಕ್ಕದು ಮಾಡಿದ ಸರಣಿ ಅದು. ಐದಾರು ನಿಮಿಷದಲ್ಲಿ ಮುಗಿಯುತ್ತದೆ. ಬೆಳಗ್ಗೆ ಕೃಷ್ಣರಾವ್ ಪಾರ್ಕಿನಲ್ಲಿ ಮಾಡುತ್ತಿದ್ದೆ. ಕೈಗಳೆಲ್ಲಾ ಚೆನ್ನಾಗಿ ತೇಲುತ್ತಿದ್ದವು. ಬರಬರುತ್ತಾ ಬಲ ಮಂಡಿಯ ಒಳಬದಿ ನೋಯಲು ಶುರುವಾಯಿತು. ವಯಸ್ಸಾಯಿತು ಅಂದುಕೊಂಡು ಸುಮ್ಮನಿದ್ದೆ.

ಆಮೇಲೆ ಇಂಥದ್ದೇ ಒಂದು ಶಿಬಿರಕ್ಕೆ ಹೋದೆ. ಮೊದಲ ದಿನ ಮೇಷ್ಟ್ರು ಸರಣಿಯನ್ನು ಮುಟ್ಟಲೇ ಇಲ್ಲ. ಬೆಳಗ್ಗೆ ಪೂರ್ತಿ ನಿಲ್ಲುವುದು, ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಸಾಗಿಸುವುದು, ಇಷ್ಟೇ. ಪಕ್ಕದವರು ಗಡಿಯಾರ ನೋಡುತ್ತಿದ್ದರು. ನನಗೂ ಬೇಸರ ಬಂತು. ಮಧ್ಯಾಹ್ನ 'ಕಾಡುಕುದುರೆಯ ಜೂಲು ಬಿಡಿಸುವುದು' ಎಂಬ ಭಂಗಿ ಮಾಡುವಾಗ ಅವರು ನನ್ನ ಹತ್ತಿರ ಬಂದು ನಿಂತರು. ಮೂರು ಸಲ ಸುಮ್ನೆ ನೋಡಿದರು. ಆಮೇಲೆ ಬಗ್ಗಿ ನನ್ನ ಮುಂದಿನ ಪಾದ ತೋರಿಸಿ, "ಮೈಭಾರ ಪೂರ್ತಿ ಇದರ ಮೇಲಿಟ್ಟುಕೊಂಡೇ ತಿರುಗಿಸುತ್ತಿದ್ದೀರಿ. ಆ ತಿರುವೆಲ್ಲಾ ಮಂಡಿಗೆ ಬೀಳುತ್ತಿದೆ" ಎಂದರು.

ಅವರು ಮಾಡಿಸಿದ್ದು ಹೀಗೆ. ಮೊದಲು ಹಿಂದಿನ ಕಾಲಿನ ಮೇಲೆ ಕೂತ ಹಾಗೆ ಭಾರವನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ಮುಂದಿನ ಪಾದ ಹಗುರ ಆಗುತ್ತದೆ. ಆಗ ಹಿಮ್ಮಡಿ ಊರಿ ಬೆರಳುಗಳನ್ನು ಹೊರಕ್ಕೆ ತಿರುಗಿಸಬೇಕು. ಅದಾದ ಮೇಲೆ ಭಾರ ಮುಂದಕ್ಕೆ. ಮಂಡಿ ಯಾವಾಗಲೂ ಕಾಲ್ಬೆರಳು ನೋಡುವ ಕಡೆಗೇ ಬಾಗಬೇಕು, ಬೆರಳ ತುದಿ ದಾಟಬಾರದು. ಇದೆಲ್ಲಾ ವಿಡಿಯೋದಲ್ಲೂ ಇತ್ತು. ನಾನು ನೋಡುತ್ತಿದ್ದದ್ದು ಕೈಗಳನ್ನು ಮಾತ್ರ. ನನ್ನ ಪಾದ ನೋಡುವವರು ಯಾರೂ ಇರಲಿಲ್ಲ, ಅಲ್ವಾ?

ಮರುದಿನ ಅವರು ನನ್ನ ಸೊಂಟದ ಹಿಂದೆ ಅಂಗೈ ಇಟ್ಟು "ಇಲ್ಲಿ ಬಿಡಿ" ಎಂದರು. ಚೀನೀ ಭಾಷೆಯಲ್ಲಿ ಇದಕ್ಕೆ ಸೊಂಗ್ ಅನ್ನುತ್ತಾರೆ. ಬಿಗಿ ಬಿಡಬೇಕು, ಆದರೆ ಕುಸಿಯಬಾರದು. ಗೂಟಕ್ಕೆ ನೇತುಹಾಕಿದ ಅಂಗಿಯ ಹಾಗೆ ನೆತ್ತಿ ಮೇಲಕ್ಕೆ, ಉಳಿದದ್ದೆಲ್ಲಾ ಕೆಳಕ್ಕೆ. ಉಸಿರು ಬಿಟ್ಟಾಗ ಸೊಂಟ ಸಡಿಲವಾಯಿತು, ಭಾರ ನೇರ ಪಾದಕ್ಕೆ ಇಳಿದದ್ದು ಗೊತ್ತಾಯಿತು. ಐದು ವರ್ಷ ಆಯ್ತು. ಇವತ್ತಿಗೂ ಶುರು ಮಾಡುವ ಮುಂಚೆ ಆ ಅಂಗೈ ಇದ್ದ ಜಾಗವನ್ನು ನೆನಪು ಮಾಡಿಕೊಂಡೇ ನಿಲ್ಲುತ್ತೇನೆ. ಮಂಡಿ ನೋವು ಕೆಲವು ತಿಂಗಳಲ್ಲಿ ಹೋಯಿತು.

ಅದಕ್ಕೇ ಹೇಳುತ್ತೇನೆ, ವಿಡಿಯೋ ಜಾಸ್ತಿ ನೋಡಿಕೊಂಡು ಹೋಗಬೇಡಿ. ತಪ್ಪು ರೂಢಿಯಾದರೆ ಬಿಡಿಸುವುದು ಕಷ್ಟ. ಈಗಿನಿಂದ ದಿನಾ ಐದು ನಿಮಿಷ ಮಂಡಿ ಸಡಿಲ ಬಿಟ್ಟು ನಿಂತು ಅಭ್ಯಾಸ ಮಾಡಿ. ನಿಮ್ಮ ಮಂಡಿ ವಿಷಯ ಮೊದಲ ದಿನ ಬೆಳಗ್ಗೆಯೇ ಮೇಷ್ಟ್ರಿಗೆ ಹೇಳಿಬಿಡಿ. ಪಕ್ಕದವರು ಎಷ್ಟೇ ತಗ್ಗಿದರೂ ನೀವು ತಗ್ಗಬೇಡಿ. ಕೆಳಗೆ ಇಳಿದಷ್ಟೂ ಮಂಡಿಗೆ ಭಾರ ಜಾಸ್ತಿ. ಎಲ್ಲಾ ಭಂಗಿ ನೆನಪಿಟ್ಟುಕೊಳ್ಳುವ ಹಟವೂ ಬೇಡ. ನಿಮ್ಮ ಮೈಗೆ ಅಂತ ಅವರು ಹೇಳಿದ ಒಂದೆರಡು ತಿದ್ದುಪಡಿಯನ್ನು ಅವತ್ತು ರಾತ್ರಿಯೇ ಬರೆದಿಟ್ಟುಕೊಳ್ಳಿ.

ಮಲ್ಲೇಶ್ವರದಿಂದ

ನಿಮ್ಮ ಅತ್ತೆಯವರ ಬಗ್ಗೆ. ನಮ್ಮ ತಂದೆಗೆ ಪಾರ್ಕಿನ್ಸನ್ ಕಾಯಿಲೆ ಇದೆ. ಡಾಕ್ಟರನ್ನು ಕೇಳಿಕೊಂಡೇ ತಾಯ್ ಚಿಗೆ ಸೇರಿಸಿದೆವು. ಅಮೆರಿಕದ ಒರೆಗಾನ್‌ನಲ್ಲಿ 195 ಪಾರ್ಕಿನ್ಸನ್ ರೋಗಿಗಳ ಜೊತೆ ನಡೆಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ತಾಯ್ ಚಿ ಮಾಡಿದವರಿಗೆ ಸಮತೋಲನ ಚೆನ್ನಾಗಿ ಬಂತು, ಬರೀ ಸ್ಟ್ರೆಚಿಂಗ್ ಮಾಡಿದವರಿಗಿಂತ ಕಡಿಮೆ ಸಲ ಬಿದ್ದರು. ಮಂಡಿ ಸವೆತಕ್ಕೂ 2016ರಲ್ಲಿ 204 ಜನರ ಅಧ್ಯಯನ ಬಂತು. ತಾಯ್ ಚಿಯಿಂದ ಫಿಸಿಯೋಥೆರಪಿಯಷ್ಟೇ ಗುಣ ಕಂಡಿತು. ಆದರೆ ಮೊದಲನೆಯದು 24 ವಾರ, ಎರಡನೆಯದು 12 ವಾರ, ಎರಡರಲ್ಲೂ ವಾರಕ್ಕೆ ಎರಡು ತರಗತಿ. ಎರಡೇ ದಿನದಲ್ಲಿ ಅಷ್ಟನ್ನು ಕೇಳಬೇಡಿ.

ಹಾಗಾಗಿ ಅತ್ತೆಯವರಿಗೆ ವಾರದ ತರಗತಿ ಒಳ್ಳೆಯದು ಅನ್ನಿಸುತ್ತದೆ. ದಿನಪೂರ್ತಿ ನಿಂತರೆ ಸುಸ್ತಾಗುತ್ತಾರೆ, ಸುಸ್ತಾದಾಗಲೇ ಬೀಳುವ ಭಯ. ಆದರೆ ಮೊದಲ ಬೆಳಗ್ಗೆ ಎರಡು ಗಂಟೆ ಕೂರಿಸಿ, ಮೇಷ್ಟ್ರು ಅವರನ್ನು ನೋಡಲಿ. ನಮ್ಮ ತಂದೆಗೆ ಹಾಗೆಯೇ ಕುರ್ಚಿಯ ಬೆನ್ನು ಹಿಡಿದು ಭಾರ ಬದಲಿಸುವುದೊಂದನ್ನೇ ಹೇಳಿಕೊಟ್ಟರು. ಬೆಳಗ್ಗೆ ಕಾಫಿಗೆ ಮುಂಚೆ ಹತ್ತು ನಿಮಿಷ ಅದನ್ನು ಮಾಡುತ್ತಾರೆ. ಬಚ್ಚಲಮನೆಗೆ ಹೋಗುವಾಗ ಈಗ ಗೋಡೆ ಹಿಡಿಯುವುದು ಕಡಿಮೆಯಾಗಿದೆ.

ರಾಜಾಜಿನಗರದಿಂದ

ದುಡ್ಡು ಕಟ್ಟುವ ಮುಂಚೆ ಎಷ್ಟು ಜನ ಸೇರುತ್ತಾರೆ ಅಂತ ಕೇಳಿ. ನಾನು ಹೋದ ಶಿಬಿರದಲ್ಲಿ ಸುಮಾರು 70 ಜನ. ಮೇಷ್ಟ್ರು ವೇದಿಕೆ ಮೇಲೆ, ನಾವು ಕೆಳಗೆ. ಎರಡು ದಿನದಲ್ಲಿ 24 ಭಂಗಿ ಓಡಿಸಿದರು. ಒಬ್ಬರೂ ಹತ್ತಿರ ಬಂದು ನೋಡಲಿಲ್ಲ. ವಾರ ಕಳೆಯುವುದರಲ್ಲಿ ಮೂರು ಭಂಗಿ ಬಿಟ್ಟು ಮಿಕ್ಕಿದ್ದೆಲ್ಲಾ ಮರೆತಿತ್ತು. ಅವರು ಮಾಡಿ ತೋರಿಸಿದ್ದು ನಿಜವಾಗಲೂ ಬಹಳ ಚೆನ್ನಾಗಿತ್ತು. ನನಗೆ ಬೇಕಿದ್ದದ್ದು ಅವರು ನನ್ನ ಕಡೆ ನೋಡುವುದು.

ಬನಶಂಕರಿಯಿಂದ

ನಾನು ಹನ್ನೆರಡು ವರ್ಷ ಭರತನಾಟ್ಯ ಮಾಡಿದವಳು. ಅರಮಂಡಿ ರೂಢಿ ಇದೆಯಲ್ಲ, ಸುಲಭ ಆಗುತ್ತದೆ ಅಂದುಕೊಂಡಿದ್ದೆ. ಅರಮಂಡಿಯಲ್ಲಿ ಭಾರ ಎರಡೂ ಕಾಲಿಗೆ ಸಮ. ಇಲ್ಲಿ ಒಂದು ಕಾಲು ತುಂಬಿದ್ದರೆ ಇನ್ನೊಂದು ಖಾಲಿ. ನಾಟ್ಯದಲ್ಲಿ ನೆಲ ತಟ್ಟುತ್ತೇವೆ, ಇಲ್ಲಿ ಬೆಕ್ಕು ಕಾಲಿಟ್ಟ ಹಾಗೆ ಇಡಬೇಕು. ನನಗೆ ಪೂರ್ತಿ ಒಂದು ದಿನ ಬೇಕಾಯಿತು.

ಮಣಿಕಟ್ಟಿಗೆ ಮಣಿಕಟ್ಟು ತಾಗಿಸಿ ಇಬ್ಬಿಬ್ಬರು ತಳ್ಳುವ ಅಭ್ಯಾಸ ಇದ್ದರೆ ನಾಚಿಕೊಂಡು ಹಿಂದೆ ನಿಲ್ಲಬೇಡಿ. ಅದಕ್ಕೆ ಟುಯ್ ಶೋ ಅನ್ನುತ್ತಾರೆ. ಮೇಷ್ಟ್ರ ಜೊತೆ ಒಂದು ಸಲವಾದರೂ ಮಾಡಿ. ನಾನು ಜೋರಾಗಿ ತಳ್ಳಿದೆ. ಅವರು ತಡೆಯಲಿಲ್ಲ. ಅವರ ಸೊಂಟ ಒಂಚೂರು ತಿರುಗಿತು, ನನ್ನ ಬಲ ಪಕ್ಕಕ್ಕೆ ಹೋಯಿತು, ಅದರ ಹಿಂದೆಯೇ ನಾನೂ ಹೋದೆ. 17ನೇ ಶತಮಾನದಲ್ಲಿ ಹೆನಾನ್ ಪ್ರಾಂತ್ಯದ ಚೆನ್ ಮನೆತನದ ಹಳ್ಳಿಯಲ್ಲಿ ತಾಯ್ ಚಿ ಕಾದಾಟದ ವಿದ್ಯೆಯಾಗಿ ಬೆಳೆಯಿತು ಎಂದು ಓದಿದ್ದೆ. ಅಷ್ಟು ನಿಧಾನದ ಚಲನೆಯಲ್ಲಿ ಅದು ಎಲ್ಲಿದೆ ಅಂತ ಅವತ್ತು ಕಂಡಿತು.

ಅಂದ ಹಾಗೆ, ದಪ್ಪ ಅಟ್ಟೆಯ ರನ್ನಿಂಗ್ ಶೂ ಬೇಡ. ತೆಳು ಅಟ್ಟೆಯ ಕ್ಯಾನ್ವಾಸ್ ಶೂ ಹಾಕಿಕೊಳ್ಳಿ, ನೆಲ ಗೊತ್ತಾಗುತ್ತದೆ.

ಜಯನಗರದಿಂದ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಫೋನ್ ಮಾಡಿ ಕೇಳಿದೆ. 22 ಜನ, ಮೇಷ್ಟ್ರೇ ಒಬ್ಬೊಬ್ಬರ ಹತ್ತಿರ ಬಂದು ತಿದ್ದುತ್ತಾರಂತೆ. ದುಡ್ಡು ಕಟ್ಟಿದೆ. ಅತ್ತೆಯವರು ಮೊದಲ ಬೆಳಗ್ಗೆ ಬರಲು ಒಪ್ಪಿದ್ದಾರೆ. ನಿನ್ನೆಯಿಂದ ಐದು ನಿಮಿಷ ನಿಲ್ಲುವುದನ್ನೂ ಶುರು ಮಾಡಿದ್ದೇನೆ. ಮೂರನೇ ನಿಮಿಷಕ್ಕೆ ತೊಡೆ ನಡುಗುತ್ತದೆ, ಪರವಾಗಿಲ್ವಾ?

ಬಸವನಗುಡಿಯಿಂದ

ತೊಡೆ ನಡುಗಿದರೆ ಪರವಾಗಿಲ್ಲ. ಮಂಡಿ ನೋಯಬಾರದು. ನೋವು ಬಂದರೆ ಮಂಡಿ ಬಾಗಿಸುವುದನ್ನು ಕಡಿಮೆ ಮಾಡಿ ಇನ್ನೂ ಎತ್ತರಕ್ಕೆ ನಿಲ್ಲಿ. ಅತ್ತೆಯವರಿಗೆ ಜಾರದ ಗಟ್ಟಿ ಕುರ್ಚಿ ಒಂದು ತೆಗೆದಿಡಲು ಶಿಬಿರದವರಿಗೆ ಈಗಲೇ ಹೇಳಿಡಿ. ಪ್ಲಾಸ್ಟಿಕ್ ಕುರ್ಚಿ ಬೇಡ.