ಪದಚರ್ಚೆ: ಸಿನಿಮಾದ ‘ಗಳಿಕೆ’ ಅಂದರೆ ಯಾರ ಗಳಿಕೆ?

ಗೆಳೆಯರೇ,

ಹಾಲಿವುಡ್‌ನ ದುಬಾರಿ ವೈಜ್ಞಾನಿಕ ಸಿನಿಮಾಗಳ ಲಾಭ-ನಷ್ಟದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ‘ಗಳಿಕೆ’ ಅನ್ನೋ ಪದದ ಹತ್ತಿರ ಬಂದು ಗಾಡಿ ನಿಂತಿದೆ. ನಿಮ್ಮ ಸಲಹೆ ಬೇಕು.

‘ಜಾನ್ ಕಾರ್ಟರ್’ ತೆಗೆದುಕೊಳ್ಳಿ. 2012ರ ಮಾರ್ಚ್‌ನಲ್ಲಿ ಡಿಸ್ನಿ ಬಿಡುಗಡೆ ಮಾಡಿದ, ಮಂಗಳ ಗ್ರಹದಲ್ಲಿ ನಡೆಯುವ ಕತೆ. ತಯಾರಿಕೆಗೆ ಸುಮಾರು 26 ಕೋಟಿ ಡಾಲರ್ ಹಿಡಿಯಿತು. ಜಗತ್ತಿನಾದ್ಯಂತ ಸುಮಾರು 28 ಕೋಟಿ ಡಾಲರ್‌ನ ಟಿಕೆಟ್ ಮಾರಾಟವಾಯಿತು. ಇದನ್ನು ನಾವು ರೂಢಿಯಲ್ಲಿ ಹೇಗೆ ಬರೆಯುತ್ತೇವೆ? ‘26 ಕೋಟಿ ಬಜೆಟ್‌ನ ಚಿತ್ರ 28 ಕೋಟಿ ಗಳಿಸಿತು.’ ಓದಿದವರು ಎರಡು ಕೋಟಿ ಲಾಭ ಬಂತು, ಪರವಾಗಿಲ್ಲ ಅಂದುಕೊಳ್ಳುತ್ತಾರೆ. ಆದರೆ ಸಿನಿಮಾ ತೆರೆಕಂಡ ಎರಡು ವಾರದೊಳಗೇ ಡಿಸ್ನಿ ಏನು ಹೇಳಿತು ಗೊತ್ತಾ? ಇದರಿಂದ ಸುಮಾರು 20 ಕೋಟಿ ಡಾಲರ್ ನಷ್ಟವಾಗಲಿದೆ ಅಂತ. ಮರು ತಿಂಗಳು ಸ್ಟುಡಿಯೋ ಮುಖ್ಯಸ್ಥ ರಿಚ್ ರಾಸ್ ರಾಜೀನಾಮೆ ಕೊಟ್ಟರು.

ಅಂಕಿ ಎರಡೂ ಸರಿ. ದಾರಿ ತಪ್ಪಿಸುವುದು ನಡುವಿನ ಕ್ರಿಯಾಪದ. ‘ಗಳಿಸಿತು’ ಅಂದ ತಕ್ಷಣ ಅಷ್ಟೂ ದುಡ್ಡು ನಿರ್ಮಾಪಕರ ಜೇಬಿಗೆ ಬಿತ್ತು ಎಂಬ ಅರ್ಥ ಹೊರಡುತ್ತದೆ. ‘ಗಳಿಸು’ ಅನ್ನುವುದರಲ್ಲೇ ದುಡಿದು ತನ್ನದಾಗಿಸಿಕೊಂಡ ಭಾವ ಇದೆಯಲ್ಲ. ನಿಜದಲ್ಲಿ ಟಿಕೆಟ್ ದುಡ್ಡಿನಲ್ಲಿ ಮೊದಲು ಚಿತ್ರಮಂದಿರದವರ ಪಾಲು ಹೋಗುತ್ತದೆ. ಅಮೆರಿಕದಲ್ಲಿ ಸ್ಟುಡಿಯೋಗೆ ಉಳಿಯುವುದು ಹೆಚ್ಚು ಕಡಿಮೆ ಅರ್ಧ. ಹೊರದೇಶಗಳಲ್ಲಿ ಸಾಮಾನ್ಯವಾಗಿ ಇನ್ನೂ ಕಡಿಮೆ. ಚೀನಾದಲ್ಲಂತೂ ಪಾಲಿನ ಒಪ್ಪಂದದ ಮೇಲೆ ತೆರೆಕಂಡ ವಿದೇಶಿ ಚಿತ್ರಗಳಿಗೆ ಕಾಲು ಭಾಗ.

ಈ ದೃಷ್ಟಿಯಿಂದ ನೋಡಿದರೆ ‘ಗಲ್ಲಾಪೆಟ್ಟಿಗೆ’ ಎಂಬ ನಮ್ಮ ಪದ ನನಗೆ ಬಹಳ ಇಷ್ಟ. ಗಲ್ಲಾಪೆಟ್ಟಿಗೆ ಇರುವುದು ಚಿತ್ರಮಂದಿರದಲ್ಲಿ, ನಿರ್ಮಾಪಕರ ಮನೆಯಲ್ಲಲ್ಲ. ದುಡ್ಡು ಮೊದಲು ಬೀಳುವ ಜಾಗವನ್ನು ಅದು ಸರಿಯಾಗಿಯೇ ತೋರಿಸುತ್ತದೆ. ಆದರೆ ನಾವು ಅದನ್ನು ಸುಮ್ನೆ ‘ಗಲ್ಲಾಪೆಟ್ಟಿಗೆ ಕೊಳ್ಳೆ ಹೊಡೆದ ಚಿತ್ರ’ ಎಂಬ ಶೀರ್ಷಿಕೆಗೇ ಮೀಸಲಿಟ್ಟಿದ್ದೇವೆ.

‘ಬಜೆಟ್’ನದೂ ಇದೇ ರಗಳೆ. ಸರ್ಕಾರದ ಬಜೆಟ್ ಎಂದರೆ ಮುಂದೆ ಮಾಡುವ ಖರ್ಚಿನ ಅಂದಾಜು. ಸಿನಿಮಾ ಸುದ್ದಿಯಲ್ಲಿ ಬಜೆಟ್ ಎಂದರೆ ಆಗಲೇ ಕರಗಿ ಹೋದ ದುಡ್ಡು. ಅದೂ ತಯಾರಿಕೆಗೆ ಮಾತ್ರ, ಪ್ರಚಾರದ ಖರ್ಚು ಬೇರೆ. 2009ರ ‘ಅವತಾರ್’ಗೆ ಸ್ಟುಡಿಯೋ ಕಡೆಯವರು ಕೊಟ್ಟ ಲೆಕ್ಕ ತಯಾರಿಕೆಗೆ 23.7 ಕೋಟಿ ಡಾಲರ್, ಪ್ರಚಾರಕ್ಕೆ ಮತ್ತೆ ಸುಮಾರು 15 ಕೋಟಿ. ಪತ್ರಿಕೆಗಳಲ್ಲಿ ಉಳಿದುಕೊಂಡಿದ್ದು ಮೊದಲನೆಯ ಅಂಕಿ. ಆ ಸಿನಿಮಾಕ್ಕೆ ಇದರಿಂದ ಏನೂ ಬಾಧೆಯಿಲ್ಲ ಬಿಡಿ. ಮರುಬಿಡುಗಡೆಗಳೂ ಸೇರಿ 290 ಕೋಟಿ ಡಾಲರ್‌ಗಿಂತ ಜಾಸ್ತಿ ಟಿಕೆಟ್ ಮಾರಿದ ಚಿತ್ರ ಅದು. (2.9 ಬಿಲಿಯನ್ ಎಂಬುದನ್ನು 29 ಕೋಟಿ ಎಂದು ಅಚ್ಚು ಹಾಕಿದ್ದನ್ನೂ ನೋಡಿದ್ದೇನೆ. ಒಂದು ಬಿಲಿಯನ್ ಅಂದರೆ ನೂರು ಕೋಟಿ!) ನಾನಂತೂ ಬಜೆಟ್ ಬಿಟ್ಟು ‘ತಯಾರಿಕೆಯ ಖರ್ಚು’ ಎಂದೇ ಬರೆಯುತ್ತಿದ್ದೇನೆ. ‘ಬಂಡವಾಳ’ ಎಂದರೆ ಪ್ರಚಾರದ ದುಡ್ಡೂ ಅದರಲ್ಲಿ ಸೇರಿಬಿಡುತ್ತದೆ ಎಂಬ ಅನುಮಾನ.

ಈಗ ಮುಖ್ಯ ಪ್ರಶ್ನೆಗೆ ಬರುತ್ತೇನೆ. ‘ಬ್ರೇಕ್ ಈವನ್’ಗೆ, ಅಂದರೆ ಖರ್ಚು-ಆದಾಯ ಸರಿಸಮ ಆಗುವುದಕ್ಕೆ, ಏನು ಬಳಸೋಣ? ‘ಅವತಾರ್’ನ ಎರಡನೇ ಭಾಗ 2022ರಲ್ಲಿ ಬರುವ ಮೊದಲು ನಿರ್ದೇಶಕ ಜೇಮ್ಸ್ ಕ್ಯಾಮರೂನ್ ಒಂದು ಸಂದರ್ಶನದಲ್ಲಿ ಹೇಳಿದ್ದರು. ಇತಿಹಾಸದಲ್ಲೇ ಅತಿ ಹೆಚ್ಚು ಟಿಕೆಟ್ ಮಾರಿದ ಚಿತ್ರಗಳ ಸಾಲಿನಲ್ಲಿ ಮೂರನೆಯದೋ ನಾಲ್ಕನೆಯದೋ ಆದರೆ ಮಾತ್ರ ಇದು ಬ್ರೇಕ್ ಈವನ್ ಎಂದು. ಕೊನೆಗೆ ಅದು 230 ಕೋಟಿ ಡಾಲರ್ ದಾಟಿ ಮೂರನೇ ಸ್ಥಾನಕ್ಕೇ ಹೋಯಿತು. ಈ ಮಾತನ್ನು ‘ಲಾಭನಷ್ಟವಿಲ್ಲದ ಹಂತ ತಲುಪಲು’ ಎಂದು ಬರೆದು ನೋಡಿದೆ. ಲೆಕ್ಕಪರಿಶೋಧಕರ ವರದಿ ಓದಿದ ಹಾಗಾಯಿತು. ‘ಹಾಕಿದ ದುಡ್ಡು ಹುಟ್ಟಬೇಕಾದರೆ’ ಎಂದು ಬದಲಿಸಿದೆ, ವಾಕ್ಯ ಉಸಿರಾಡಿತು. ‘ಅಸಲು ಹುಟ್ಟಲಿಲ್ಲ’, ‘ಇಷ್ಟಕ್ಕೆ ಕೊಟ್ಟರೆ ನಮಗೆ ಗಿಟ್ಟಲ್ಲ’ ಎಂದು ದಿನಾ ಆಡುತ್ತೇವೆ. ಆದರೆ ‘ಹುಟ್ಟು’ ಮತ್ತು ‘ಗಿಟ್ಟು’ ಒಂದೇ ಅಲ್ಲ ಅಲ್ವಾ? ನನ್ನ ಕಿವಿಗೆ ‘ಅಸಲು ಹುಟ್ಟಿತು’ ಎಂದರೆ ಹಾಕಿದ್ದು ವಾಪಸ್ ಬಂತು ಅಷ್ಟೇ. ‘ಗಿಟ್ಟಿತು’ ಎಂದರೆ ಪಟ್ಟ ಪಾಡಿಗೂ ಏನೋ ಸಿಕ್ಕಿತು. ನಿಮ್ಮ ಕಡೆಯೂ ಹೀಗೇನಾ?

ಇನ್ನು ‘ನಿವ್ವಳ ಲಾಭ’. 1997ರ ‘ಮೆನ್ ಇನ್ ಬ್ಲ್ಯಾಕ್’ ತಯಾರಿಕೆಗೆ ಸುಮಾರು 9 ಕೋಟಿ ಡಾಲರ್, ಟಿಕೆಟ್ ಮಾರಾಟ ಸುಮಾರು 59 ಕೋಟಿ. ಆದರೂ ಸ್ಟುಡಿಯೋ ಕಳಿಸುವ ಲೆಕ್ಕದ ಪ್ರಕಾರ ಆ ಚಿತ್ರ ಇನ್ನೂ ನಷ್ಟದಲ್ಲೇ ಇದೆ ಎಂದು ಅದರ ಚಿತ್ರಕತೆಗಾರ ಎಡ್ ಸಾಲಮನ್ ವರ್ಷಗಳ ನಂತರವೂ ಬಹಿರಂಗವಾಗಿ ಲೇವಡಿ ಮಾಡಿದ್ದಾರೆ. ವಿತರಣೆಯ ಶುಲ್ಕ, ಬಡ್ಡಿ, ಕಚೇರಿ ಖರ್ಚು ಎಂದು ಸ್ಟುಡಿಯೋ ತನಗೆ ತಾನೇ ಬಿಲ್ ಹಾಕಿಕೊಳ್ಳುತ್ತಾ ಹೋದರೆ ನಿವ್ವಳ ಎಲ್ಲಿಂದ ಬರಬೇಕು? ಹಾಗಾಗಿ ಇಲ್ಲಿ ‘ನಿವ್ವಳ ಲಾಭ’ ಎಂದು ನೇರವಾಗಿ ಬರೆದರೆ ಸುಳ್ಳಿಗೆ ಮುದ್ರೆ ಒತ್ತಿದ ಹಾಗೆ. ‘ಲೆಕ್ಕದ ಪುಸ್ತಕದ ಲಾಭ’ ಎನ್ನಬಹುದೇ? ಉದ್ದವಾಯಿತು, ನಿಜ.

ಸದ್ಯಕ್ಕೆ ಇಟ್ಟುಕೊಂಡಿರುವ ಪದಗಳು ಹೀಗಿವೆ: ಜನ ಕೊಟ್ಟ ಒಟ್ಟು ದುಡ್ಡಿಗೆ ‘ಟಿಕೆಟ್ ಮಾರಾಟ’ ಅಥವಾ ‘ಕಲೆಕ್ಷನ್’, ಚಿತ್ರಮಂದಿರದವರದು ಕಳೆದು ಬಂದದ್ದಕ್ಕೆ ‘ಪಾಲು’. ಸಿನಿಮಾದವರು ಹೇಗೂ ‘ಶೇರ್’ ಎನ್ನುತ್ತಾರೆ. ‘ಗಳಿಕೆ’ಯನ್ನು ಈ ಪಾಲಿಗೆ ಮಾತ್ರ ಬಳಸಬೇಕು ಅನ್ನುವುದು ನನ್ನ ವಾದ. ಆದರೆ ಇಷ್ಟು ವರ್ಷ ಎಲ್ಲರೂ ಒಟ್ಟು ಮೊತ್ತಕ್ಕೇ ಬಳಸಿ ರೂಢಿಯಾಗಿರುವಾಗ ಒಬ್ಬನೇ ಅರ್ಥ ಕಿರಿದು ಮಾಡಿದರೆ ಓದುಗರಿಗೆ ಇನ್ನೂ ಗೊಂದಲ ಆಗುತ್ತದಾ? ಪತ್ರಿಕೆಯ ವಾಣಿಜ್ಯ ಪುಟದಲ್ಲಿ ಕೆಲಸ ಮಾಡಿದವರು ಇದ್ದರೆ ದಯವಿಟ್ಟು ಹೇಳಿ. ಹಳೆಯ ಕಂಪನಿ ನಾಟಕದವರು ಟಿಕೆಟ್ ದುಡ್ಡಿಗೂ ಮಾಲೀಕರ ಕೈಗೆ ಉಳಿದ ದುಡ್ಡಿಗೂ ಬೇರೆ ಬೇರೆ ಪದ ಬಳಸುತ್ತಿದ್ದರೆ ಅದೂ ಬೇಕು.