ಪ್ರಶ್ನೋತ್ತರ: ಋತುಬಂಧದ ಬಿಸಿಯೇರಿಕೆಯನ್ನು ದೀರ್ಘ ಉಸಿರಾಟ ತಡೆಯಬಲ್ಲದೇ?

ಪ್ರಶ್ನೆ: ನನಗೆ 49 ವರ್ಷ, ಪ್ರೌಢಶಾಲೆಯ ಶಿಕ್ಷಕಿ. ಮುಟ್ಟು ನಿಂತು ಎಂಟು ತಿಂಗಳಾಯಿತು. ಬೋರ್ಡಿನ ಮೇಲೆ ಬರೆಯುತ್ತಿರುವಾಗಲೇ ಎದೆಯಿಂದ ಮುಖಕ್ಕೆ ಬಿಸಿಯೇರಿ ರವಿಕೆಯ ಬೆನ್ನು ಒದ್ದೆಯಾಗುತ್ತದೆ; ರಾತ್ರಿಯೂ ಬೆವೆತು ಎಚ್ಚರವಾಗುತ್ತದೆ. ಒಂದು ತಿಂಗಳಿಂದ ದಿನಕ್ಕೆರಡು ಬಾರಿ ದೀರ್ಘ ಉಸಿರಾಟ ಮಾಡುತ್ತಿದ್ದೇನೆ. ಮನಸ್ಸು ಹಗುರಾಗಿದೆ, ಬಿಸಿ ಮಾತ್ರ ಹಾಗೆಯೇ ಇದೆ. ಮಾಡುವ ಕ್ರಮದಲ್ಲಿ ತಪ್ಪಿದೆಯೇ?

ಸ್ತ್ರೀರೋಗ ತಜ್ಞೆಯ ಉತ್ತರ: ತಪ್ಪು ನಿಮ್ಮದಲ್ಲ, ದಯವಿಟ್ಟು ಹಾಗೆಂದುಕೊಳ್ಳಬೇಡಿ. ಈಸ್ಟ್ರೋಜೆನ್ ಎಂಬ ಸ್ತ್ರೀ ಹಾರ್ಮೋನ್ ಇಳಿದಾಗ, ಮೈಯ ಬಿಸಿಯನ್ನು ಹತೋಟಿಯಲ್ಲಿಡುವ ಮೆದುಳಿನ ಭಾಗವಾದ ಹೈಪೊಥಲಾಮಸ್ ಮೈಯ ಉಷ್ಣತೆಯಲ್ಲಾಗುವ ಅತ್ಯಲ್ಪ ಏರಿಕೆಯನ್ನೂ ತಾಳದೆ, ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರಿಳಿಸುತ್ತದೆ. ನಿಧಾನ ಉಸಿರಾಟದಿಂದ ಇದು ತಗ್ಗುತ್ತದೆಂದು 1990ರ ದಶಕದ ಸಣ್ಣ ಅಧ್ಯಯನಗಳು ಹೇಳಿದ್ದರೂ ಮುಂದಿನ ದೊಡ್ಡ ಪ್ರಯೋಗಗಳಲ್ಲಿ ಆ ಫಲ ಕಾಣಲಿಲ್ಲವಾದ್ದರಿಂದ, ಉತ್ತರ ಅಮೆರಿಕದ ಮೆನೊಪಾಸ್ ಸೊಸೈಟಿಯು 2023ರಲ್ಲಿ ಬಿಸಿಯೇರಿಕೆಯ ಚಿಕಿತ್ಸೆಯಾಗಿ ಇದನ್ನು ಶಿಫಾರಸು ಮಾಡಲಿಲ್ಲ.

ಆದರೂ ಅಭ್ಯಾಸ ಬಿಡಬೇಡಿ. ನಿಮಿಷಕ್ಕೆ ಸುಮಾರು ಆರು ಉಸಿರಿನಂತೆ, ನಾಲ್ಕು ಸೆಕೆಂಡು ಒಳಗೆಳೆದು ಆರು ಸೆಕೆಂಡು ಹೊರಬಿಟ್ಟರೆ ಹೃದಯದ ಬಡಿತ ತಣಿಯುತ್ತದೆ. ಹೊಟ್ಟೆಯ ಮೇಲಿಟ್ಟ ಅಂಗೈ ಏರಿಳಿಯಬೇಕು, ಭುಜಗಳು ಏರಬಾರದು. ತರಗತಿಯಲ್ಲಿ ಬಿಸಿ ಏಳುವ ಸುಳಿವು ಸಿಕ್ಕೊಡನೆ ಹೀಗೆ ನಾಲ್ಕೈದು ಉಸಿರು ತೆಗೆದುಕೊಂಡರೆ, ಬಿಸಿ ನಿಲ್ಲದಿದ್ದರೂ ಅದರ ಜೊತೆಗೆ ಬರುವ ಗಾಬರಿ ಇಳಿಯುತ್ತದೆ. ರೋಗಿಗಳನ್ನು ಹೆಚ್ಚು ಬಳಲಿಸುವುದು ಬಹಳಷ್ಟು ಸಲ ಆ ಗಾಬರಿಯೇ ಎಂಬುದು ನನ್ನ ಅನುಭವ.

ಮತ್ತೊಬ್ಬ ಮಹಿಳೆಯ ಪ್ರಶ್ನೆ: ನನಗೆ ಬಿಪಿ ಇದೆ. ಕಪಾಲಭಾತಿ ಮಾಡಬಹುದೇ?

ಉತ್ತರ: ಬೇಡ. ರಭಸದ ಉಸಿರಾಟವೂ ಉಸಿರನ್ನು ಬಹಳ ಹೊತ್ತು ಹಿಡಿದಿಡುವ ಕುಂಭಕವೂ ನಿಮಗೆ ಸಲ್ಲದು. ಮೇಲೆ ಹೇಳಿದ ನಿಧಾನ ಉಸಿರಾಟವನ್ನು ಮಾಡಬಹುದು, ಮಾತ್ರೆ ಮಾತ್ರ ನಿಲ್ಲಿಸಬಾರದು.

ಮೊದಲ ಪ್ರಶ್ನೆ ಕೇಳಿದವರಿಗೆ ಇನ್ನೊಂದು ಮಾತು: ನಿದ್ದೆ ಕೆಡುವಷ್ಟು ಬೆವರುತ್ತಿದ್ದರೆ ಸಹಿಸಿಕೊಂಡು ಕೂರಬೇಡಿ. ಥೈರಾಯ್ಡ್ ಪರೀಕ್ಷೆ ಮಾಡಿಸಿ. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವಿಕೆಯಂಥ ಹಿನ್ನೆಲೆ ಇಲ್ಲದಿದ್ದರೆ ಹಾರ್ಮೋನ್ ಚಿಕಿತ್ಸೆ ಹೆಚ್ಚು ಪರಿಣಾಮಕಾರಿ. ಅದು ಒಗ್ಗದವರಿಗೆ ಬೇರೆ ಔಷಧಿಗಳೂ ಇವೆ. ಮುಟ್ಟು ನಿಂತು ಹನ್ನೆರಡು ತಿಂಗಳು ತುಂಬಿದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಿ.