ಪದ ಬೇಕು: ‘ವಂಶವಾಹಿ ಹಾನಿ’ಗೆ ಬದಲು ಏನು?

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ. ಒಂದೂವರೆ ಅಂತಲೇ ಅನ್ನಿ, ಯಾಕೆಂದರೆ ಅದರ ಹಿಂದೆ ಬರಬೇಕಾದ ಕ್ರಿಯಾಪದವೂ ತಕರಾರು ಮಾಡುತ್ತಿದೆ.

ನಮ್ಮೂರು ಹೊಳೆನರಸೀಪುರದ ಹತ್ತಿರ. ಮುಂದಿನ ವಾರ ಇಲ್ಲೊಂದು ಸೊಪ್ಪಿನ ಮೇಳ ಇದೆ. ಹೊಲದ ಬದುವಿನಲ್ಲಿ ಕಿತ್ತ ಬೆರಕೆ ಸೊಪ್ಪನ್ನು ಹೆಂಗಸರು ಮೊರದಲ್ಲಿ ಜೋಡಿಸಿ ಇಡುತ್ತಾರೆ. ಅಣ್ಣೆ, ಗಣಿಕೆ, ಹೊನಗೊನೆ, ದಗ್ಗಲರಿವೆ, ಗೋಣಿ ಸೊಪ್ಪು, ಹೀಗೆ. ಪಕ್ಕದಲ್ಲಿ ಒಂದು ಬೋರ್ಡು ಇರಬೇಕು ಅಂತಾಯ್ತು. ನಮ್ಮ ಜೀವಕೋಶದ ಡಿಎನ್‌ಎ ಕೆಡುವುದನ್ನು ನಾವು ತಿನ್ನುವ ಗಿಡಗಳು ಹೇಗೆ ತಡೆಯಬಹುದು ಅಂತ ಅದರಲ್ಲಿ ಬರೆಯಬೇಕು. ಮನೆಯಲ್ಲಿ ಸುಮ್ನೆ ಕೂತವನು ನಾನೊಬ್ಬನೇ ಆದ್ದರಿಂದ ಕೆಲಸ ನನ್ನ ಕೊರಳಿಗೆ ಬಿತ್ತು.

ಮೊದಲ ಸಾಲು ಹೀಗೆ ಬರೆದೆ: ‘ಸೊಪ್ಪು ತರಕಾರಿಗಳು ವಂಶವಾಹಿ ಹಾನಿಯಿಂದ ನಮ್ಮನ್ನು ರಕ್ಷಿಸುತ್ತವೆ.’ ಜಗಲಿಯಲ್ಲಿ ಗಣಿಕೆ ಸೊಪ್ಪು ಬಿಡಿಸುತ್ತಾ ಕೂತಿದ್ದ ದೊಡ್ಡಮ್ಮನಿಗೆ ಓದಿ ಹೇಳಿದೆ. ಅವರು ಮೊರದಿಂದ ತಲೆ ಎತ್ತಲೇ ಇಲ್ಲ. “ನಮ್ ವಂಶದಲ್ಲಿ ಅಂಥಾದ್ದೇನೂ ಇಲ್ಲ ಕಣಪ್ಪಾ” ಅಂದರು. ಆಮೇಲೆ ಎದುರು ಮನೆ ಕಡೆ ಗಲ್ಲ ತೋರಿಸಿ, “ಅವ್ರ ಮನೇಲಿ ಇದ್ರೂ ಇರ್ಬೋದು” ಅಂತ ಸೇರಿಸಿದರು.

ತಪ್ಪು ಅವರದಲ್ಲ, ಪದದ್ದು. ‘ವಂಶವಾಹಿ’ ಅಂದ ಕೂಡಲೇ ಕೇಳುವವರಿಗೆ ಅಜ್ಜ, ಅಪ್ಪ, ಮಗ ಸಾಲಾಗಿ ಕಾಣುತ್ತಾರೆ. ಆದರೆ ನಾನು ಹೇಳಹೊರಟಿದ್ದು ಬೇರೆ. ಬಿಸಿಲಿಗೆ ಚರ್ಮದ ಕೋಶದ ಡಿಎನ್‌ಎ ಕೆಡುತ್ತದೆ. ಬೀಡಿ ಹೊಗೆಗೆ ಶ್ವಾಸಕೋಶದ್ದು ಕೆಡುತ್ತದೆ. ಇವು ಆ ಮನುಷ್ಯನ ಮೈಯಲ್ಲೇ ಶುರುವಾಗಿ ಅಲ್ಲೇ ಮುಗಿಯುವ ಕತೆ. ಮಕ್ಕಳಿಗೆ ದಾಟಬೇಕಾದರೆ ಅಂಡಾಣುವಿನಲ್ಲೋ ವೀರ್ಯಾಣುವಿನಲ್ಲೋ ಕೆಟ್ಟಿರಬೇಕು. ‘ಆನುವಂಶಿಕ ಹಾನಿ’ ಅಂದರೆ ಇನ್ನೂ ಕಷ್ಟ. ಅಚ್ಚಗನ್ನಡದವರು ‘ಪೀಳಿ’ ಅನ್ನುತ್ತಾರೆ. ಅದೂ ಪೀಳಿಗೆಯ ನಂಟೇ ಅಲ್ವಾ?

‘ಹಾನಿ’ಯೂ ನನಗೆ ಸರಿ ಅನ್ನಿಸಲಿಲ್ಲ. ಹಾನಿ ಅಂದರೆ ಹೋಯ್ತು, ಮುಗೀತು ಅನ್ನುವ ಧ್ವನಿ. ನಿಜದಲ್ಲಿ ಒಂದೊಂದು ಕೋಶದ ಡಿಎನ್‌ಎಗೂ ದಿನಾ ಸಾವಿರಾರು ಸಲ ಏಟು ಬೀಳುತ್ತದೆ. ಉಸಿರಾಡಿ, ಉಂಡು ಅರಗಿಸಿಕೊಳ್ಳುವುದರಲ್ಲೇ ಒಂದಷ್ಟು ಆಗುತ್ತದೆ. ಬಹುಪಾಲನ್ನು ಕೋಶವೇ ತೇಪೆ ಹಾಕಿ ಸರಿಮಾಡಿಕೊಳ್ಳುತ್ತದೆ. ಈ ತೇಪೆ ಕೆಲಸ ಹೇಗೆ ನಡೆಯುತ್ತದೆ ಅಂತ ತೋರಿಸಿದ ಲಿಂಡಾಲ್, ಮೊಡ್ರಿಚ್, ಸಂಜಾರ್ ಮೂವರಿಗೂ 2015ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಬಂತು. ವಾಸಿಯಾಗುವಂಥದ್ದಕ್ಕೆ ನಮ್ಮಲ್ಲಿ ‘ಪೆಟ್ಟು’ ಅನ್ನುತ್ತೇವೆ. ತೇಪೆ ಬೀಳುವ ಮೊದಲೇ ಕೋಶ ಒಡೆದು ಎರಡಾದರೆ ಮಾತ್ರ ತಪ್ಪು ಹಾಗೇ ನಕಲಾಗಿ ಉಳಿದುಬಿಡಬಹುದು. ಅದು ಮ್ಯುಟೇಶನ್. ಪಠ್ಯಪುಸ್ತಕದಲ್ಲಿ ‘ಉತ್ಪರಿವರ್ತನೆ’ ಅಂತಿದೆ. ನನಗೆ ಅದು ಏನೋ ಬಡ್ತಿ ಸಿಕ್ಕ ಹಾಗೆ ಕೇಳಿಸುತ್ತದೆ. ‘ರೂಪಾಂತರ’ ಅನ್ನೋಣ ಅಂದರೆ ಕೊರೊನಾ ಕಾಲದ ರೂಪಾಂತರಿ ಬಂದು ಎದುರಿಗೆ ನಿಲ್ಲುತ್ತದೆ. ಈ ಗುಂಪಿನಲ್ಲಿ ಪ್ರೂಫ್ ನೋಡಿದವರು ಜಾಸ್ತಿ ಇದ್ದೀರಿ, ನಿಮಗೆ ಒಂದೇ ಮಾತಲ್ಲಿ ಹೇಳಬಹುದು: ಕರಡಿನಲ್ಲಿದ್ದಾಗ ಅದು ಪೆಟ್ಟು, ಅಚ್ಚಾದ ಮೇಲೆ ಮುದ್ರಾರಾಕ್ಷಸ.

ಡಿಎನ್‌ಎ ಎಳೆ ಎಳೆಯಾಗಿರುತ್ತದಲ್ಲ, ಹಾಗಾಗಿ ‘ಎಳೆಪೆಟ್ಟು’ ಅಂತ ಒಂದು ಪದ ಕಟ್ಟಿದೆ. ಪರೀಕ್ಷೆಯಲ್ಲೂ ನೋಡುವುದು ಎಳೆಯನ್ನೇ. ಕೋಶವನ್ನು ತೆಳು ಜೆಲ್ಲಿನಲ್ಲಿಟ್ಟು ಕರೆಂಟು ಹಾಯಿಸಿದರೆ ತುಂಡಾದ ಎಳೆಗಳು ಬಾಲದ ಹಾಗೆ ಹೊರಗೆ ಹರಿಯುತ್ತವೆ. ಪೆಟ್ಟು ಜಾಸ್ತಿ ಆದಷ್ಟೂ ಬಾಲ ದೊಡ್ಡದು. ಅದಕ್ಕೇ ಕಾಮೆಟ್ ಪರೀಕ್ಷೆ ಅನ್ನುತ್ತಾರೆ. ಇದಕ್ಕೆ ‘ಬಾಲಚುಕ್ಕಿ ಪರೀಕ್ಷೆ’ ಅಂತ ನಾನಾಗಲೇ ಬರೆದುಕೊಂಡಿದ್ದೇನೆ, ಬದಲಾಯಿಸುವುದಿಲ್ಲ. ಆದರೆ ಎಳೆಪೆಟ್ಟು ಕೇಳಿ ಮನೆಯಾಕೆ ನಕ್ಕಳು. ಎಳೆಬಿಸಿಲು, ಎಳೆಗಾಯಿ, ಎಳೆಪೆಟ್ಟು! ಮಗುವಿಗೆ ಮೆಲ್ಲಗೆ ತಟ್ಟಿದ ಹಾಗಿದೆಯಂತೆ.

ಈಗ ಕ್ರಿಯಾಪದಕ್ಕೆ ಬರುತ್ತೇನೆ. ‘ಆ್ಯಂಟಿಮ್ಯುಟಜೆನ್’ ಅಂದರೆ ಮ್ಯುಟೇಶನ್ ತಡೆಯುವ ವಸ್ತು. ಆ ಮಾತನ್ನು 1952ರಲ್ಲೇ ವಿಜ್ಞಾನಿಗಳಾದ ನೋವಿಕ್ ಮತ್ತು ಸಿಲಾರ್ಡ್ ಬಳಸಿದ್ದರು. ಆಮೇಲೆ ಜಪಾನಿನ ವಿಜ್ಞಾನಿ ಕಾಡಾ ಅದರಲ್ಲಿ ಎರಡು ಬಗೆ ಮಾಡಿದರು. ಕೆಡಿಸುವ ವಸ್ತುವನ್ನು ಡಿಎನ್‌ಎ ಹತ್ತಿರ ಹೋಗುವ ಮೊದಲೇ ಕಟ್ಟಿಹಾಕುವುದು ಒಂದು. ಕೋಶದ ಒಳಗೆ ತೇಪೆ ಕೆಲಸಕ್ಕೆ ನೆರವಾಗಿ, ತಪ್ಪು ನೆಲೆಯೂರದ ಹಾಗೆ ನೋಡಿಕೊಳ್ಳುವುದು ಇನ್ನೊಂದು.

ಮೊದಲ ಬಗೆಗೆ ನಮ್ಮ ಭಾಷೆಯಲ್ಲಿ ರೆಡಿ ಮಾತಿದೆ: ‘ನಂಜು ಮುರಿ’. ಬೂಷ್ಟು ಹಿಡಿದ ಕಡಲೆಕಾಯಿ, ಕೊಬ್ಬರಿಯಲ್ಲಿ ಅಫ್ಲಾಟಾಕ್ಸಿನ್ ಅನ್ನುವ ನಂಜು ಹುಟ್ಟುತ್ತದೆ. ಅದು ಪಿತ್ತಜನಕಾಂಗದಲ್ಲಿ ಇನ್ನಷ್ಟು ಕೆಟ್ಟ ರೂಪ ತಾಳಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಅರಸೀಕೆರೆ ಕಡೆಯವರಿಗೆ ಬೂಷ್ಟು ಕೊಬ್ಬರಿಯ ಬಗ್ಗೆ ನಾನು ಹೇಳಬೇಕಾಗಿಲ್ಲ. ಚೀನಾದ ಚೀದೊಂಗ್‌ನಲ್ಲಿ ಈ ವಿಷ ಊಟದಲ್ಲೇ ಸೇರುತ್ತಿತ್ತು. ಅಲ್ಲಿ 180 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಎಲೆಯ ಹಸಿರಿನಿಂದ ತಯಾರಿಸಿದ ಕ್ಲೋರೋಫಿಲಿನ್ ಮಾತ್ರೆ, 100 ಮಿಲಿಗ್ರಾಂನದು, ದಿನಕ್ಕೆ ಮೂರು ಸಲ. ಇನ್ನೊಂದಕ್ಕೆ ಬರೀ ಹುಸಿ ಮಾತ್ರೆ. ಹೀಗೆ ನಾಲ್ಕು ತಿಂಗಳು. ವಿಷ ಡಿಎನ್‌ಎಗೆ ಅಂಟಿದ್ದರ ಗುರುತು ಮೂತ್ರದಲ್ಲಿ ಸಿಗುತ್ತದೆ. ಮಾತ್ರೆ ತಿಂದವರಲ್ಲಿ ಅದು ಶೇಕಡಾ 55ರಷ್ಟು ಕಮ್ಮಿ ಇತ್ತು. 2001ರಲ್ಲಿ ಇದು ಪ್ರಕಟವಾಯಿತು. ಜಾತ್ರೆಯಲ್ಲಿ ಕಳ್ಳನ ರಟ್ಟೆ ಹಿಡಿದು ಆಚೆ ದಬ್ಬುತ್ತಾರಲ್ಲ, ಕ್ಲೋರೋಫಿಲಿನ್ ಕರುಳಿನಲ್ಲಿ ಮಾಡುವುದು ಹೆಚ್ಚುಕಮ್ಮಿ ಅದನ್ನೇ.

ತೊಡಕು ಏನೆಂದರೆ ‘ನಂಜು’ ನಮ್ಮ ಕಡೆ ತುಂಬಾ ದುಡಿದ ಪದ. ಗಾಯ ಕೀವಾದರೆ ನಂಜು. ಬದನೆಕಾಯಿ ನಂಜು. ಬೋರ್ಡಿನಲ್ಲಿ ನಂಜು ಅಂತ ಬರೆದರೆ, ಬದನೆಕಾಯಿ ತಿಂದರೆ ಡಿಎನ್‌ಎ ಕೆಡುತ್ತದೆ ಅಂತ ದೊಡ್ಡಮ್ಮ ಸಂಜೆಯೊಳಗೆ ಊರಿಗೆಲ್ಲ ಸಾರುತ್ತಾರೆ. ಎರಡನೇ ಬಗೆಗಂತೂ ‘ಮುರಿ’ ಹೊಂದುವುದೇ ಇಲ್ಲ. ಅಲ್ಲಿ ನಡೆಯುವುದು ಹೊಲಿಯುವ ಕೆಲಸ.

‘ರಕ್ಷಿಸುತ್ತವೆ’ ಅನ್ನುವುದನ್ನು ಮಾತ್ರ ನಾನೇ ಹೊಡೆದುಹಾಕಿದ್ದೇನೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು 16 ಜನ ಸಿಗರೇಟು ಚಟದವರಿಗೆ ದಿನಾ ಒಂದೂವರೆ ಗ್ರಾಂ ಅರಿಶಿನವನ್ನು 30 ದಿನ ಕೊಟ್ಟು ನೋಡಿದರು. ಡಿಎನ್‌ಎ ಕೆಡಿಸುವ ವಸ್ತುಗಳು ಅವರ ಮೂತ್ರದಲ್ಲಿ ಕಮ್ಮಿಯಾದವು. 1992ರ ಮಾತು ಇದು. ಹಾಗಂತ ಅರಿಶಿನ ತಿಂದು ಸಿಗರೇಟು ಸೇದಿದರೆ ರಕ್ಷಣೆ ಸಿಕ್ಕಿತು ಅಂತ ಅಲ್ಲವಲ್ಲ. ಫಿನ್‌ಲ್ಯಾಂಡಿನಲ್ಲಿ ಸೇದುವವರಿಗೆ, ಸೊಪ್ಪಿನಲ್ಲೂ ಇರುವ ಬೀಟಾ ಕ್ಯಾರೋಟಿನ್ ಅನ್ನುವ ವಸ್ತುವಿನ ಮಾತ್ರೆ ವರ್ಷಗಟ್ಟಲೆ ಕೊಟ್ಟಾಗ ಶ್ವಾಸಕೋಶದ ಕ್ಯಾನ್ಸರ್ ಇಳಿಯಲಿಲ್ಲ, ಶೇಕಡಾ 18ರಷ್ಟು ಏರಿತು. 1994ರಲ್ಲಿ ಆ ಲೆಕ್ಕ ಹೊರಬಂತು. ಸೊಪ್ಪಿನಲ್ಲಿದ್ದಾಗ ಸಾಧುವಾಗಿದ್ದದ್ದು ಮಾತ್ರೆಯಾದಾಗ ಹಾಗಿರಲಿಲ್ಲ.

ಸದ್ಯಕ್ಕೆ ನನ್ನ ಸಾಲು ಇಷ್ಟು: ‘ಡಿಎನ್‌ಎಗೆ ಬೀಳುವ ಪೆಟ್ಟನ್ನು ಸೊಪ್ಪು ಕಮ್ಮಿ ಮಾಡಬಹುದು.’ ಪೆಟ್ಟು ಸಾಕೋ, ಅದಕ್ಕಿಂತ ಹದವಾದ ಪದ ಇದೆಯೋ ಹೇಳಿ. ಹೊರಗೇ ತಡೆಯುವುದಕ್ಕೂ ಒಳಗೆ ಹೊಲಿಯುವುದಕ್ಕೂ ಒಟ್ಟಿಗೆ ಹೊಂದುವ ಒಂದೇ ಕ್ರಿಯಾಪದ ಇದ್ದರೆ ಅದನ್ನೂ ತಿಳಿಸಿ. ಮೂಡಿಗೆರೆ, ಸಕಲೇಶಪುರದವರು ‘ನಂಜು ಮುರಿ’ಯನ್ನು ನಮ್ಮ ಅರ್ಥದಲ್ಲೇ ಬಳಸುತ್ತಾರಾ, ಬೇರೆ ಮಾತಿದೆಯಾ ಅಂತಲೂ ಆ ಕಡೆಯವರು ಬರೆಯಬೇಕು.

ಗುರುವಾರದೊಳಗೆ ಆದರೆ ಒಳ್ಳೆಯದು. ಬೋರ್ಡು ಬರೆಯುವ ಹುಡುಗ ಬಣ್ಣ ಕಲಸಿಕೊಂಡು ಕಾಯುತ್ತಿದ್ದಾನೆ. ಒತ್ತಕ್ಷರ ಕಮ್ಮಿ ಇರುವ ಪದ ಆರಿಸಿ ಸಾರ್ ಅಂತ ಬೇರೆ ಹೇಳಿ ಹೋಗಿದ್ದಾನೆ.